ದಾರ ಹಿಡಿಯುವ ಹುಡುಗ ಮತ್ತು ಎಲ್ಲರೂ ಓಡುವ ಓಟ

ಶಾಲೆಯ ಕ್ರೀಡಾಕೂಟ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆಯೇ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಬಾಡಿಗೆ ಮೈಕ್‌ಸೆಟ್ಟು, ಪಿ.ಟಿ. ಮೇಷ್ಟ್ರ ಸೀಟಿ, ಗೆದ್ದವರಿಗೆ ಸ್ಟೀಲ್ ಲೋಟ. ನಮ್ಮಲ್ಲೊಬ್ಬರ ತರಗತಿಯಲ್ಲಿ ಪೋಲಿಯೊ ಆಗಿದ್ದ ಹುಡುಗನೊಬ್ಬ ಇದ್ದ. ಎಡಗಾಲಿಗೆ ಕ್ಯಾಲಿಪರ್ ಹಾಕಿಕೊಂಡು ಬರುತ್ತಿದ್ದ. ಪ್ರತಿ ವರ್ಷ ಕ್ರೀಡಾಕೂಟದ ದಿನ ಅವನಿಗೆ ಒಂದೇ ಕೆಲಸ. ಓಟ ಮುಗಿಯುವ ಕಡೆ ನಿಂತು ದಾರದ ಒಂದು ತುದಿ ಹಿಡಿದುಕೊಳ್ಳುವುದು.

ಯಾರೂ ಅವನನ್ನು ಹೀಯಾಳಿಸಿದ್ದಲ್ಲ. ಪಾಪ, ಅವನಿಗೂ ಒಂದು ಕೆಲಸ ಕೊಟ್ಟೆವಲ್ಲ ಅಂತ ಎಲ್ಲರಿಗೂ ಸಮಾಧಾನ. ಏಳು ವರ್ಷದಲ್ಲಿ 'ನೀನೂ ಓಡ್ತೀಯೇನೋ?' ಎಂದು ಮಾತ್ರ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಈಗ ಅನೇಕ ದೇಶಗಳಲ್ಲಿ ಎಲ್ಲರೂ ಸೇರಿ ಓಡುವ ಓಟಗಳು ನಡೆಯುತ್ತವೆ. ಕಾಲಿಲ್ಲದವರು, ಕಣ್ಣು ಕಾಣದವರು, ವೀಲ್‌ಚೇರ್‌ನಲ್ಲಿ ಕೂತವರು, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡ ತಾಯಂದಿರು, ಎಪ್ಪತ್ತು ದಾಟಿದ ಅಜ್ಜಂದಿರು, ಎಲ್ಲರೂ ಒಂದೇ ರಸ್ತೆಯಲ್ಲಿ. ಇದು ಬಹಳ ಹಳೆಯ ಪದ್ಧತಿ ಏನಲ್ಲ, ಐವತ್ತು ವರ್ಷದ ಈಚಿನದು. ಸಂಘಟಕರು ಕೂತು ಯೋಚಿಸಿ ಉದಾರವಾಗಿ ಕೊಟ್ಟದ್ದೂ ಅಲ್ಲ. ಒಬ್ಬೊಬ್ಬರು ಗೆರೆಯ ಹತ್ತಿರ ಹೋಗಿ ನಿಂತು 'ನಾನೂ ಓಡಬೇಕು' ಎಂದು ಹಟ ಹಿಡಿದ ಮೇಲೆ ಆದದ್ದು.

ಆ ಹಟಗಳಲ್ಲೂ ಎರಡು ಬಗೆ ಇದ್ದವು. ನಾವು ಈ ಕಥೆ ಬರೆಯಲು ಕಾರಣವೇ ಅದು.

ಮೂರು ಗಂಟೆಯ ಷರತ್ತು

ಅಮೆರಿಕದ ಬಾಸ್ಟನ್ ಮ್ಯಾರಥಾನ್ 1897ರಿಂದ ನಡೆಯುತ್ತಿದೆ. ಈಗ ಮ್ಯಾರಥಾನ್ ಅಂದರೆ 42 ಕಿಲೋಮೀಟರ್ 195 ಮೀಟರ್. ಹಾಸನದಿಂದ ಹೊರಟರೆ ಚನ್ನರಾಯಪಟ್ಟಣ ದಾಟಿಯೂ ಓಡಬೇಕು, ಅಷ್ಟು ದೂರ. ಮೊದಲ ಎಪ್ಪತ್ತು ವರ್ಷ ಈ ಓಟದಲ್ಲಿ ಹೆಂಗಸರಿಗೇ ಜಾಗ ಇರಲಿಲ್ಲ. ಹೆಂಗಸರ ದೇಹಕ್ಕೆ ಅಷ್ಟು ದೂರ ಆಗುವುದಿಲ್ಲ ಎಂದು ಅರ್ಜಿ ತಿರಸ್ಕರಿಸಿದ್ದಕ್ಕೆ 1966ರಲ್ಲಿ ಬಾಬಿ ಗಿಬ್ ಎಂಬ ಯುವತಿ ಪೊದೆಯ ಮರೆಯಲ್ಲಿ ಕಾದಿದ್ದು, ಓಟ ಶುರುವಾದ ಮೇಲೆ ಗುಂಪಿನೊಳಗೆ ನುಗ್ಗಿ ಓಡಿ ಮುಗಿಸಿದರು. ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಗಟ್ಟಿಮುಟ್ಟಾದ ಹೆಂಗಸರನ್ನೇ ಬಿಡದ ಕಡೆ ವಿಕಲಚೇತನರ ಪಾಡು ಏನಿದ್ದೀತು?

1970ರಲ್ಲಿ ಯುಜೀನ್ ರಾಬರ್ಟ್ಸ್ ಎಂಬ ಮಾಜಿ ಸೈನಿಕ ವೀಲ್‌ಚೇರ್‌ನಲ್ಲಿ ಕೂತು ಆ ದಾರಿಯನ್ನೆಲ್ಲ ಮುಗಿಸಿದರು. ವಿಯೆಟ್ನಾಂ ಯುದ್ಧದಲ್ಲಿ ಅವರ ಎರಡೂ ಕಾಲು ಹೋಗಿದ್ದವು. ಏಳು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಓಟದ ಲೆಕ್ಕದ ಪುಸ್ತಕದಲ್ಲಿ ಅವರಿಗೊಂದು ವಿಭಾಗ ಇರಲಿಲ್ಲ.

ಐದು ವರ್ಷದ ನಂತರ ಬಾಬ್ ಹಾಲ್ ಬಂದರು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿದ್ದ, ಬಾಸ್ಟನ್ ಪಕ್ಕದ ಊರಿನ ಯುವಕ. ಓಟದ ಮುಖ್ಯಸ್ಥ ವಿಲ್ ಕ್ಲೋನಿಯವರನ್ನು ನೇರವಾಗಿ ಕೇಳಿದರು. ಕ್ಲೋನಿ ಪೂರ್ತಿ ಒಪ್ಪಲಿಲ್ಲ, ಪೂರ್ತಿ ಬೇಡವೆನ್ನಲೂ ಇಲ್ಲ. ಮೂರು ಗಂಟೆಯೊಳಗೆ ಮುಗಿಸಿದರೆ ಉಳಿದವರಿಗೆ ಕೊಡುವ ಪ್ರಮಾಣಪತ್ರವನ್ನೇ ಕೊಡುತ್ತೇನೆ ಎಂದರು. ಏಪ್ರಿಲ್ 1975ರ ಆ ದಿನ ಹಾಲ್ 2 ಗಂಟೆ 58 ನಿಮಿಷಕ್ಕೆ ಗೆರೆ ದಾಟಿದರು. ಪ್ರಮಾಣಪತ್ರ ಕೈಗೆ ಬಂತು. ಆಮೇಲೆ ಅವರು ಓಟಕ್ಕೆಂದೇ ಹಗುರವಾದ ವೀಲ್‌ಚೇರ್ ತಯಾರಿಸುವ ಕೆಲಸಕ್ಕೆ ಇಳಿದರು.

ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವುದು ಎರಡು ಕಾಲಿದ್ದವರಿಗೂ ಸುಲಭವಲ್ಲ. ಬೇರೆಯವರಿಗೆ ಇಲ್ಲದ ಷರತ್ತನ್ನು ಇವರೊಬ್ಬರಿಗೇ ಹಾಕಿದ್ದು ಸರಿಯೇ ಎಂದು ನಮ್ಮೊಳಗೆ ಚರ್ಚೆಯೇ ಆಯಿತು. ಆದರೆ ಹಾಲ್ ಅನುಕಂಪ ಕೇಳಲು ಹೋದವರಲ್ಲ. ನಿಮ್ಮ ಗಡಿಯಾರದಲ್ಲೇ ನನ್ನನ್ನೂ ಅಳೆಯಿರಿ ಎಂಬುದು ಅವರ ಬೇಡಿಕೆ. ಇದು ಮೊದಲನೇ ಬಗೆಯ ಹಟ.

ಎಲ್ಲ ಕಡೆಯೂ ಬಾಗಿಲು ಹೀಗೆ ತೆರೆಯಲಿಲ್ಲ. ನ್ಯೂಯಾರ್ಕ್‌ನಲ್ಲಿ ಇದೇ ವಿಷಯ ಕೋರ್ಟು ಹತ್ತಿತು. ವೀಲ್‌ಚೇರ್‌ನವರನ್ನು ಮ್ಯಾರಥಾನ್‌ಗೆ ಬಿಡಲಿಲ್ಲ ಎಂಬ ದೂರಿನಲ್ಲಿ, ಕಾಲಿನಿಂದ ಓಡುವವರಿಗಷ್ಟೇ ಸ್ಪರ್ಧೆ ಇಡುವುದು ತಾರತಮ್ಯವಲ್ಲ ಎಂದು 1982ರಲ್ಲಿ ಆ ರಾಜ್ಯದ ಮೇಲಿನ ಕೋರ್ಟು ತೀರ್ಪು ಕೊಟ್ಟಿತು. ಅಲ್ಲಿ ವೀಲ್‌ಚೇರ್ ವಿಭಾಗ ಅಧಿಕೃತವಾಗಿ ಶುರುವಾಗಲು 2000ನೇ ಇಸವಿ ಬರಬೇಕಾಯಿತು.

ಮಗನನ್ನು ತಳ್ಳಿಕೊಂಡು ಓಡಿದ ಅಪ್ಪ

ಹಾಯ್ಟ್ ಅಪ್ಪ-ಮಗನ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಹಿಂದೆ ಹಾಡು ಹಾಕಿ ಅಳಿಸುವ ವಿಡಿಯೊ. ಅದರಲ್ಲಿ ಇರದ ಒಂದು ಸಂಗತಿ ಇಲ್ಲಿದೆ.

ರಿಕ್ ಹಾಯ್ಟ್ ಹುಟ್ಟಿದ್ದು 1962ರಲ್ಲಿ. ಹೆರಿಗೆಯ ಹೊತ್ತಿಗೆ ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಮೆದುಳಿಗೆ ಪೆಟ್ಟಾಗಿತ್ತು. ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ. ಮಗುವನ್ನು ಆಶ್ರಮಕ್ಕೆ ಸೇರಿಸಿಬಿಡಿ ಎಂದರು ವೈದ್ಯರು. ಅಪ್ಪ ಡಿಕ್, ಅಮ್ಮ ಜೂಡಿ ಒಪ್ಪಲಿಲ್ಲ. ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು ಮಾಡಿಕೊಟ್ಟ ಯಂತ್ರದಲ್ಲಿ ತಲೆಯಾಡಿಸಿ ಒಂದೊಂದೇ ಅಕ್ಷರ ಆರಿಸುತ್ತಾ ಹುಡುಗ ಮಾತಾಡಲು ಕಲಿತ. 1977ರಲ್ಲಿ, ಅಪಘಾತದಲ್ಲಿ ಪಾರ್ಶ್ವವಾಯುವಾದ ಆಟಗಾರನೊಬ್ಬನ ಸಹಾಯಕ್ಕಾಗಿ ನಡೆಯಲಿದ್ದ ಐದು ಮೈಲಿ ಓಟದಲ್ಲಿ ತಾನೂ ಇರಬೇಕು ಎಂದು ಅದೇ ಯಂತ್ರದಲ್ಲಿ ಬರೆದ. ಓಡಿ ಅಭ್ಯಾಸವೇ ಇಲ್ಲದ ಅಪ್ಪ ಅವನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಓಡಿದರು. ಕೊನೆಯವರಿಗಿಂತ ಒಂದು ಸ್ಥಾನ ಮುಂದೆ ಬಂದರು, ಅಷ್ಟೇ. ಓಡುವಾಗ ತನಗೆ ಅಂಗವೈಕಲ್ಯ ಇದೆ ಅಂತಲೇ ಅನಿಸಲಿಲ್ಲ ಎಂದು ರಿಕ್ ಅಪ್ಪನಿಗೆ ಹೇಳಿದ.

ವಿಡಿಯೊ ಇಲ್ಲಿಗೆ ಮುಗಿಯುತ್ತದೆ. ನಿಜವಾದ ತಕರಾರು ಶುರುವಾದದ್ದು ಆಮೇಲೆ. ಬಾಸ್ಟನ್ ಮ್ಯಾರಥಾನ್‌ಗೆ ಇವರು ಹೋದಾಗ ಯಾವ ವಿಭಾಗಕ್ಕೂ ಹೊಂದಲಿಲ್ಲ. ವೀಲ್‌ಚೇರ್ ವಿಭಾಗದವರು ತಮ್ಮ ಕೈಯಿಂದ ಗಾಲಿ ತಿರುಗಿಸುವವರು. ಓಡುವವರ ವಿಭಾಗದಲ್ಲಿ ಗಾಲಿಗೆ ಜಾಗವಿಲ್ಲ. ಹಾಗಾಗಿ ಕೆಲವು ವರ್ಷ ನಂಬರ್ ಇಲ್ಲದೆ ಗುಂಪಿನ ಹಿಂದೆ ಓಡಿದರು. ಅಧಿಕೃತವಾಗಿ ಬರಬೇಕಾದರೆ ಅರ್ಹತೆಯ ಸಮಯ ತೋರಿಸಿ ಎಂದರು ಸಂಘಟಕರು. ಅದೂ ಓಡುವ ಅಪ್ಪನ ವಯಸ್ಸಿನವರ ಸಮಯವಲ್ಲ, ಕುರ್ಚಿಯಲ್ಲಿ ಕೂತ ಮಗನ ವಯಸ್ಸಿನವರ ಸಮಯ. ಅಂದರೆ 2 ಗಂಟೆ 50 ನಿಮಿಷದೊಳಗೆ! ನಲವತ್ತು ದಾಟಿದ ಡಿಕ್, ಮಗನನ್ನು ತಳ್ಳಿಕೊಂಡೇ 1983ರ ಮರೀನ್ ಕೋರ್ ಮ್ಯಾರಥಾನನ್ನು 2 ಗಂಟೆ 45 ನಿಮಿಷ 23 ಸೆಕೆಂಡಿಗೆ ಮುಗಿಸಿದರು. ಮರುವರ್ಷ ಬಾಸ್ಟನ್‌ನಲ್ಲಿ ನಂಬರ್ ಸಿಕ್ಕಿತು.

ಅವರಿಬ್ಬರೂ ಸೇರಿ ಒಂದು ಸಾವಿರಕ್ಕೂ ಹೆಚ್ಚು ಓಟಗಳಲ್ಲಿ ಭಾಗವಹಿಸಿದರು. ಅಪ್ಪ 2021ರಲ್ಲಿ, ಮಗ 2023ರಲ್ಲಿ ತೀರಿಕೊಂಡರು. ಬಾಸ್ಟನ್ ಓಟ ಶುರುವಾಗುವ ಊರಿನಲ್ಲಿ, ನಂಬರ್ ಇಲ್ಲದೆ ನಿಂತಿದ್ದ ಜಾಗದ ಹತ್ತಿರದಲ್ಲೇ, ಅವರ ಕಂಚಿನ ಪ್ರತಿಮೆ ಇದೆ.

ಒಂದು ಪತ್ರಿಕೆಯ ಲೇಖನ

ಎರಡನೇ ಬಗೆಯ ಹಟಕ್ಕೆ ಬರೋಣ. ಇದು ನ್ಯೂಯಾರ್ಕ್‌ನಲ್ಲಿ ಶುರುವಾಗಿ ಕೆನಡಾಕ್ಕೆ ಹೋಗುತ್ತದೆ.

ಡಿಕ್ ಟ್ರಾಮ್ ಎಂಬುವರು 1965ರಲ್ಲಿ ಪೆಟ್ರೋಲ್ ಬಂಕ್‌ನಲ್ಲಿ ನಿಂತಿದ್ದಾಗ ಕಾರೊಂದು ಬಂದು ಗುದ್ದಿತು. ಬಲಗಾಲನ್ನು ಮೊಣಕಾಲಿಗಿಂತ ಮೇಲೆ ಕತ್ತರಿಸಬೇಕಾಯಿತು. ಹನ್ನೊಂದು ವರ್ಷದ ನಂತರ, 1976ರಲ್ಲಿ, ಅವರು ಕೃತಕ ಕಾಲಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದರು. ಏಳು ಗಂಟೆ ದಾಟಿತ್ತು. ಓಟದ ಪತ್ರಿಕೆಯೊಂದು ಅವರ ಬಗ್ಗೆ ಲೇಖನ ಹಾಕಿತು. ನಾವೂ ಪತ್ರಿಕೋದ್ಯಮ ಓದಿದವರು. ಬರೆದದ್ದನ್ನು ಯಾರು ಓದುತ್ತಾರೋ ಏನೋ ಅನಿಸಿದಾಗಲೆಲ್ಲ ಆ ಲೇಖನವನ್ನು ನೆನಪಿಸಿಕೊಳ್ಳುತ್ತೇವೆ.

ಯಾಕೆಂದರೆ 1977ರ ಮಾರ್ಚ್‌ನಲ್ಲಿ ಕೆನಡಾದ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಮರುದಿನದ ಆಪರೇಷನ್‌ಗೆ ಕಾಯುತ್ತಾ ಮಲಗಿದ್ದ. ಹೆಸರು ಟೆರಿ ಫಾಕ್ಸ್. ಬ್ಯಾಸ್ಕೆಟ್‌ಬಾಲ್ ಹುಚ್ಚು. ಬಲ ಮೊಣಕಾಲಿನಲ್ಲಿ ಮೂಳೆ ಕ್ಯಾನ್ಸರ್. ಕಾಲನ್ನು ಮೊಣಕಾಲಿಗಿಂತ ಮೇಲೆ ತೆಗೆಯಬೇಕಿತ್ತು. ಹಿಂದಿನ ರಾತ್ರಿ ಅವನ ಹಳೆಯ ಕೋಚ್ ಬಂದು ಆ ಲೇಖನವನ್ನು ಕೈಗಿಟ್ಟರು.

ಎರಡೂವರೆ ವರ್ಷದ ನಂತರ ಟೆರಿ ಪ್ರಿನ್ಸ್ ಜಾರ್ಜ್ ಎಂಬ ಊರಿನಲ್ಲಿ ತನ್ನ ಮೊದಲ ದೊಡ್ಡ ಓಟ ಓಡಿದ. ಎಲ್ಲರಿಗಿಂತ ಕೊನೆಗೆ ಬಂದ. ತನ್ನ ಮುಂದಿನವನಿಗಿಂತ ಹತ್ತು ನಿಮಿಷ ಹಿಂದೆ. ಆಗಲೇ ಓಡಿ ಮುಗಿಸಿದ್ದವರು ಮನೆಗೆ ಹೋಗದೆ ಅಲ್ಲೇ ನಿಂತು ಚಪ್ಪಾಳೆ ತಟ್ಟಿದರು.

ಅವನ ತಲೆಯಲ್ಲಿ ಬೇರೆಯೇ ಇತ್ತು. 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಅದ್ದಿ ಪಶ್ಚಿಮಕ್ಕೆ ಹೊರಟ. ಇಡೀ ದೇಶ ದಾಟಿ ಪೆಸಿಫಿಕ್ ಸಮುದ್ರ ಮುಟ್ಟುವುದು, ದಾರಿಯುದ್ದಕ್ಕೂ ಕ್ಯಾನ್ಸರ್ ಸಂಶೋಧನೆಗೆ ಹಣ ಎತ್ತುವುದು ಅವನ ಲೆಕ್ಕ. ಜೊತೆಗೆ ಒಂದು ವ್ಯಾನು, ಅದನ್ನು ಓಡಿಸಲು ಗೆಳೆಯ ಡಗ್ ಆಲ್ವರ್ಡ್. ದಿನಕ್ಕೆ ಹತ್ತಿರ ಹತ್ತಿರ 42 ಕಿಲೋಮೀಟರ್, ಅಂದರೆ ದಿನಕ್ಕೊಂದು ಮ್ಯಾರಥಾನ್.

ಅವನು ಓಡುವ ರೀತಿಯೇ ಬೇರೆ. ಆಗಿನ ಕೃತಕ ಕಾಲು ಓಡಲಿಕ್ಕೆ ಮಾಡಿದ್ದಲ್ಲ, ನಡೆಯಲಿಕ್ಕೆ ಮಾಡಿದ್ದು. ಅದು ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಒಳ್ಳೆಯ ಕಾಲಿನಲ್ಲಿ ಎರಡು ಸಲ ಕುಪ್ಪಳಿಸಬೇಕಿತ್ತು. ಕುಂಟೆಬಿಲ್ಲೆ ಆಡಿದವರಿಗೆ ಅದರ ಸುಸ್ತು ಗೊತ್ತು. ಮೊಂಡುಕಾಲು ಉಜ್ಜಿ ರಕ್ತ ಬರುತ್ತಿತ್ತು. ಮೊದಮೊದಲು ಯಾರೂ ಗಮನಿಸಲಿಲ್ಲ. ಪೋರ್ಟ್ ಓ ಬಾಸ್ಕ್ ಎಂಬ ಸುಮಾರು ಹತ್ತು ಸಾವಿರ ಜನರ ಪಟ್ಟಣ ಹತ್ತು ಸಾವಿರ ಡಾಲರ್ ಎತ್ತಿ ಕೊಟ್ಟಿತು. ತಲೆಗೊಂದು ಡಾಲರ್. ಇಡೀ ದೇಶವೇ ತಲೆಗೊಂದು ಡಾಲರ್ ಕೊಟ್ಟರೆ 2 ಕೋಟಿ 40 ಲಕ್ಷ ಆಗುತ್ತದಲ್ಲ ಎಂಬುದು ಅವನ ಗುರಿಯಾಯಿತು.

143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಹತ್ತಿರ ಎದೆನೋವು ತಡೆಯಲಾಗದೆ ನಿಂತ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು.

ಆಸ್ಪತ್ರೆಯಲ್ಲಿದ್ದ ಟೆರಿಗೆ ಒಂದು ಟೆಲಿಗ್ರಾಮ್ ಬಂತು. ಕಳಿಸಿದವರು ಹೋಟೆಲ್ ಉದ್ಯಮಿ ಇಸಾಡೋರ್ ಶಾರ್ಪ್. ತಮ್ಮ ಮಗನನ್ನೂ ಕ್ಯಾನ್ಸರ್‌ಗೆ ಕಳೆದುಕೊಂಡಿದ್ದವರು. ನಿನ್ನ ಹೆಸರಿನಲ್ಲಿ ಪ್ರತಿ ವರ್ಷ ಓಟ ನಡೆಸೋಣ ಎಂದಿದ್ದರು. ಟೆರಿ ಒಪ್ಪಿದ, ಆದರೆ ಒಂದು ಮಾತು ಹೇಳಿದ. ಈ ಓಟದಲ್ಲಿ ಸ್ಪರ್ಧೆ ಇರಬಾರದು. ಗೆದ್ದವರು, ಸೋತವರು ಇರಬಾರದು. ಸುಮ್ಮನೆ ಜನ ಸೇರಬೇಕು.

1981ರ ಜೂನ್ 28ರಂದು ಟೆರಿ ತೀರಿಕೊಂಡ. 23 ತುಂಬಲು ಒಂದು ತಿಂಗಳು ಬಾಕಿ ಇತ್ತು. ಅಷ್ಟರೊಳಗೆ ತಲೆಗೊಂದು ಡಾಲರ್‌ನ ಗುರಿ ಮುಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್ 13ರಂದು ಕೆನಡಾದ 760ಕ್ಕೂ ಹೆಚ್ಚು ಕಡೆ ಮೊದಲ ಟೆರಿ ಫಾಕ್ಸ್ ಓಟ ನಡೆಯಿತು. ಮೂರು ಲಕ್ಷ ಜನ ಬಂದರು.

ಈ ಓಟದಲ್ಲಿ ಪದಕ ಇಲ್ಲ, ಪ್ರವೇಶ ಶುಲ್ಕ ಇಲ್ಲ. ಓಡಬಹುದು, ನಡೆಯಬಹುದು, ಸೈಕಲ್ ತುಳಿಯಬಹುದು, ವೀಲ್‌ಚೇರ್‌ನಲ್ಲಿ ಬರಬಹುದು. ಆದಷ್ಟು ದೂರ ಹೋಗಿ ವಾಪಸ್ ಬಂದರೂ ಆಯಿತು. ನಂತರ ಇದು ಬೇರೆ ಬೇರೆ ದೇಶಗಳಿಗೆ ಹಬ್ಬಿತು. ನಮ್ಮ ಪಕ್ಕದ ಚೆನ್ನೈನ ಐಐಟಿ ಅಂಗಳದಲ್ಲೂ ನಡೆದಿದೆ.

ಅತ್ತ ನ್ಯೂಯಾರ್ಕ್‌ನ ಡಿಕ್ ಟ್ರಾಮ್ 1983ರಲ್ಲಿ ಅಕಿಲೀಸ್ ಎಂಬ ಓಟದ ಕ್ಲಬ್ ಕಟ್ಟಿದರು. ವಿಕಲಚೇತನರಿಗೆ ಜೊತೆಗಾರರನ್ನು ಹೊಂದಿಸಿ ಓಟಕ್ಕೆ ಇಳಿಸುವುದು ಅದರ ಕೆಲಸ. ಟೆರಿಯ ಇನ್ನೊಬ್ಬ ಗೆಳೆಯ ರಿಕ್ ಹ್ಯಾನ್ಸೆನ್, ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡಿದ್ದವರು, 1982ರಲ್ಲಿ ಬಾಸ್ಟನ್‌ನ ವೀಲ್‌ಚೇರ್ ವಿಭಾಗ ಗೆದ್ದರು. ಬಾಬ್ ಹಾಲ್ ಷರತ್ತಿಗೆ ಒಪ್ಪಿ ತೆರೆಸಿದ ಬಾಗಿಲು ಅದು.

ಗಡಿಯಾರ ಬೇಕೋ ಬೇಡವೋ

ಈಗ ಎರಡೂ ಹಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಾಬ್ ಹಾಲ್, ಡಿಕ್ ಹಾಯ್ಟ್ 'ನಮ್ಮನ್ನೂ ಅಳೆಯಿರಿ' ಎಂದರು. ಟೆರಿ ಫಾಕ್ಸ್ 'ಯಾರನ್ನೂ ಅಳೆಯಬೇಡಿ' ಎಂದ. ಯಾವುದು ಸರಿ?

ನಮ್ಮಲ್ಲಿ ಕೆಲವರಿಗೆ ಟೆರಿಯ ದಾರಿಯೇ ಸರಿ ಅನಿಸಿತ್ತು. ಆದರೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರನ್ನು ನೆನೆದರೆ ಆ ಮಾತು ನಿಲ್ಲುವುದಿಲ್ಲ. ಹುಟ್ಟಿನಿಂದ ಕಣ್ಣು ಕಾಣದ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಹಳ್ಳಿ ಹುಡುಗಿ. 1,500 ಮೀಟರ್ ಓಟದಲ್ಲಿ 2018ರ ಜಕಾರ್ತದ ಪ್ಯಾರಾ ಏಷ್ಯನ್ ಕೂಟದಲ್ಲಿ ಚಿನ್ನ. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್. ಅವರ ಮುಂದೆ ಹೋಗಿ 'ಗೆಲುವು ಸೋಲು ಮುಖ್ಯವಲ್ಲ ಕಣಮ್ಮ' ಎಂದು ಹೇಳುವ ಧೈರ್ಯ ನಮಗಿಲ್ಲ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಅವರಿಗೂ ಹೇಳಲಾಗದು. ಕಾಲಿನ ನ್ಯೂನತೆ ಇಟ್ಟುಕೊಂಡೇ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ತಂದವರು. ಪೋಲಿಯೊ ಪೀಡಿತರಾಗಿ ಮೂವತ್ತಕ್ಕೂ ಹೆಚ್ಚು ಆಪರೇಷನ್ ಕಂಡ ಮಾಲತಿ ಹೊಳ್ಳ ಅವರಿಗೆ 2001ರಲ್ಲಿ ಪದ್ಮಶ್ರೀ ಬಂದದ್ದೂ ವೀಲ್‌ಚೇರ್ ಓಟದಲ್ಲಿ ಗೆದ್ದೂ ಗೆದ್ದೂ.

ಆದರೆ ಎಲ್ಲರೂ ರಕ್ಷಿತಾ ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಕಣ್ಣು ಕಾಣುವವರೆಲ್ಲ ಪಿ.ಟಿ. ಉಷಾ ಆದರೇ? ಸುಮ್ಮನೆ ಓಡಿ ಬೆವರಿ ಮನೆಗೆ ಹೋಗುವ ಖುಷಿ ಇದೆಯಲ್ಲ, ಅದು ಪದಕ ಬರದ ಮಗುವಿಗೂ ಸಿಗಬೇಕು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಲ್ಲಿ ಎರಡೂ ಇವೆ. ಮುಂದೆ ವಿದೇಶದ ವೇಗದ ಓಟಗಾರರು. ಹಿಂದೆ 'ಮಜಾ ರನ್', ಹಿರಿಯ ನಾಗರಿಕರ ಓಟ, ವಿಕಲಚೇತನರ ಓಟ. ವಿಕಲಚೇತನರದ್ದು ಪ್ರತ್ಯೇಕವಾಗಿಯೇ ನಡೆಯುತ್ತದೆ ಎಂಬುದು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ನಡೆಯುತ್ತದೆ.

ಹಳ್ಳಿಯಲ್ಲಿ ಅದೂ ಇಲ್ಲ. 2011ರ ಜನಗಣತಿಯಲ್ಲಿ ದೇಶದ ವಿಕಲಚೇತನರು 2 ಕೋಟಿ 68 ಲಕ್ಷ. ಅವರಲ್ಲಿ ನೂರಕ್ಕೆ 69 ಮಂದಿ ಹಳ್ಳಿಯವರು. ಕರ್ನಾಟಕದಲ್ಲಿ ಸುಮಾರು 13 ಲಕ್ಷ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಂ, ಕ್ರೀಡೆಯಲ್ಲಿ ಇವರ ಭಾಗವಹಿಸುವಿಕೆಗೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಕಾಯ್ದೆ ಬಂದಾಗ ನಮ್ಮ ಗೆಳೆಯ ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಹಳ್ಳಿ ಮೈದಾನದಲ್ಲಿ ಇದಕ್ಕೆ ಏನೇನು ಬೇಕು ಅಂತ ನಾವು ಕೂತು ಲೆಕ್ಕ ಹಾಕಿದೆವು. ದೊಡ್ಡ ಪಟ್ಟಿಯೇನೂ ಆಗಲಿಲ್ಲ. ವೀಲ್‌ಚೇರ್‌ಗೆ ಮೈದಾನಕ್ಕಿಂತ ಶಾಲೆಯ ಮುಂದಿನ ಸಿಮೆಂಟ್ ರಸ್ತೆ ವಾಸಿ. ನಿಧಾನ ಓಡುವವರನ್ನು ಹತ್ತು ನಿಮಿಷ ಮುಂಚೆ ಬಿಟ್ಟರೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಾರೆ. ಇಂಗ್ಲೆಂಡಿನಲ್ಲಿ 2004ರ ಅಕ್ಟೋಬರ್‌ನಲ್ಲಿ 13 ಜನರಿಂದ ಶುರುವಾದ ಪಾರ್ಕ್‌ರನ್ ಎಂಬ ವಾರದ ಓಟದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಎಲ್ಲರ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾರೆ. ಹಾಗಾಗಿ ಓಡಲು ಬಂದವರು ಯಾರೂ ಕೊನೆಯವರಾಗುವುದಿಲ್ಲ. ಇದಕ್ಕೆ ದುಡ್ಡು ಬೇಡ. ದುಡ್ಡು ಬೇಕಾದ ಕೆಲಸಕ್ಕೆ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಮೀಸಲಿಡುವ ಶೇಕಡ 5ರ ಹಣ ಇದೆ. ಕೇಳಬೇಕಷ್ಟೆ. ಯಾರನ್ನು ಕೇಳಬೇಕು ಅಂದರೆ, ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿಯೇ ಇರುವ ಪುನರ್ವಸತಿ ಕಾರ್ಯಕರ್ತರನ್ನು.

ಕಣ್ಣು ಕಾಣದವರ ಓಟಕ್ಕೆ ಬೇಕಾದದ್ದು ಇನ್ನೂ ಕಡಿಮೆ. ಒಂದು ಮೊಳಕ್ಕೂ ಚಿಕ್ಕದಾದ ದಾರ. ಒಂದು ತುದಿಯ ಕುಣಿಕೆ ಓಟಗಾರರ ಬೆರಳಿಗೆ, ಇನ್ನೊಂದು ಜೊತೆಗಾರರ ಬೆರಳಿಗೆ. ರಕ್ಷಿತಾ ಓಡುವುದೂ ಹಾಗೆಯೇ, ಜೊತೆಗಾರ ರಾಹುಲ್ ಬಾಲಕೃಷ್ಣ ಅವರೊಂದಿಗೆ. ಜೊತೆಗಾರ ಎಳೆಯುವ ಹಾಗಿಲ್ಲ, ತಳ್ಳುವ ಹಾಗಿಲ್ಲ. ಗೆರೆಯನ್ನು ಓಟಗಾರರೇ ಮೊದಲು ದಾಟಬೇಕು, ಜೊತೆಗಾರ ಮೊದಲು ದಾಟಿದರೆ ಇಬ್ಬರೂ ಹೊರಗೆ.

ಈ ಲೇಖನ ಬರೆಯುವಾಗ ನಮ್ಮ ಹಳೆಯ ಗೆಳೆಯನಿಗೆ ಫೋನ್ ಮಾಡಿದೆವು. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಇಬ್ಬರು ಮಕ್ಕಳು. ದಾರ ಹಿಡಿಯುತ್ತಿದ್ದದ್ದು ಅವನಿಗೂ ಚೆನ್ನಾಗಿ ನೆನಪಿದೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಹಿಡಿದು ಒಬ್ಬನೇ ಒಂದು ಸುತ್ತು ಹಾಕುತ್ತಿದ್ದನಂತೆ. ಅದು ನಮಗೆ ಗೊತ್ತೇ ಇರಲಿಲ್ಲ.